ಹಾಜರಿ ಲೆಕ್ಕ

ನನ್ನ ಶಿಷ್ಯೆಯೊಬ್ಬಳು ಬಿ.ಎಡ್. ಮುಗಿಸಿಯೂ ಅಂತರಜಾಲ ಜಾಹೀರಾತಿನ ಕೆಲಸಕ್ಕೆ ಹೋದಾಗ ನನಗೆ ಮುನಿಸು ಬಂದಿತ್ತು. ಆ ಕಸುಬಿಗೂ ಚರಿತ್ರೆಯಿದೆ. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಜಾಲಪತ್ರಿಕೆಯಲ್ಲಿ ಎಟಿ ಅಂಡ್ ಟಿ ಕಂಪನಿಯ ಜಾಹೀರಾತು ಬಂತು. ಎಷ್ಟು ಜನ ಒತ್ತಿದರೆಂದು ಎಣಿಸುವುದು ಸಾಧ್ಯವಾಯಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ತೆರೆಯಿತು. 2000ದಲ್ಲಿ ಗೂಗಲ್, ಜನ ಹುಡುಕಿದ ಪದಕ್ಕೆ ತಕ್ಕ ಜಾಹೀರಾತು ಮಾರತೊಡಗಿತು.

2020ರಲ್ಲಿ ಶಾಲೆ ಮುಚ್ಚಿದಾಗ ಫೋನಿನಲ್ಲಿ ಪಾಠ ಹೇಳಲು ನನಗೆ ಕಲಿಸಿದವಳು ಅವಳೇ. “ಟೀಚರ್, ಮೊದಲು ಪ್ರಶ್ನೆ ಕೇಳಿ, ಐದು ನಿಮಿಷಕ್ಕೆ ಮುಗಿಸಿ” ಎಂದಳು. ಮಕ್ಕಳು ಕಿವಿಗೊಟ್ಟರು. ಆದರೆ 38 ಮಕ್ಕಳಲ್ಲಿ 15 ಮಂದಿ ಬರಲೇ ಇಲ್ಲ. ಅವರ ಮನೆಗಳಲ್ಲಿ ಅಂಥ ಫೋನಿರಲಿಲ್ಲ. ಜಾಹೀರಾತಿಗೆ ಬಂದವರದೇ ಲೆಕ್ಕ; ಹಾಜರಿ ಪುಸ್ತಕಕ್ಕೆ ಬಾರದವರದೂ ಲೆಕ್ಕ. ಹಾಳೆಗಳಲ್ಲಿ ಪಾಠ ಬರೆದುಕೊಂಡು ಆ ಮನೆಗಳಿಗೆ ನಡೆದೆ.