ಸರ್ಕ್ಯೂಟ್ ಹಾಳೆಯಿಂದ ಬೀಗದ ಕೋಡಿನವರೆಗೆ

ರಿಪೇರಿಯ ಹಕ್ಕಿನ ಬಗ್ಗೆ ಈಚೆಗೆ ನಡೆಯುವ ವಿಚಾರಗೋಷ್ಠಿಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಇದು ಪಶ್ಚಿಮದ ಪರಿಸರ ಚಳವಳಿಯಿಂದ ನಮಗೆ ಬಂದ ಹೊಸ ವಿಚಾರ ಎಂಬುದು ಒಂದು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಹುಡುಗರಿಗೆ ಇಂಥ ಹಕ್ಕಿನ ಹಂಗೇ ಇಲ್ಲ, ಸಿಕ್ಕಿದ್ದರಲ್ಲೇ ಹೇಗೋ ಸರಿಮಾಡುವ ಜುಗಾಡ್ ಅವರ ರಕ್ತದಲ್ಲೇ ಇದೆ ಎಂಬುದು ಇನ್ನೊಂದು. ಚಪ್ಪಾಳೆ ಬೀಳುವುದು ಎರಡನೆಯದಕ್ಕೆ. ರೇಡಿಯೋ, ಟಿ.ವಿ. ಸರ್ವಿಸಿಂಗ್ ಮಾಡಿ, ಅದನ್ನೇ ಕಲಿಸಿ, ಅದರ ಬಗ್ಗೆಯೇ ಬರೆಯುತ್ತ ವಯಸ್ಸಾದ ನನ್ನಂಥವನಿಗೆ ಈ ಹೊಗಳಿಕೆ ಹಿಡಿಸುವುದಿಲ್ಲ. ರಕ್ತಗುಣದಿಂದ ಯಾವ ಟಿ.ವಿ.ಯೂ ಸರಿಹೋಗಿಲ್ಲ. ಮೆಕ್ಯಾನಿಕ್‌ನ ಮೇಜಿನ ಮೇಲೆ ಒಂದು ಸರ್ಕ್ಯೂಟ್ ಡಯಾಗ್ರಾಂ ಇರುತ್ತಿತ್ತು. ಅದು ಎಣ್ಣೆ ಕುಡಿದು, ಮಡಿಕೆಯಲ್ಲಿ ಹರಿದು, ಜೆರಾಕ್ಸಿನ ಜೆರಾಕ್ಸ್ ಆಗಿದ್ದರೂ ಇರುತ್ತಿತ್ತು. ದುಡ್ಡು ಕೊಟ್ಟು ಕೊಂಡ ಸಾಮಾನಿನ ಮೇಲೆ ಕೊಂಡವರಿಗೆ ಎಷ್ಟು ಹಿಡಿತವಿತ್ತು ಎಂದು ತಿಳಿಯಬೇಕಾದರೆ ಆ ಹಾಳೆ ಯಾವ ಕಾಲದಲ್ಲಿ ಯಾರ ಹತ್ತಿರ ಇತ್ತು ಎಂದು ವಿಚಾರಿಸಬೇಕು.

ವಾಲ್ವ್ ರೇಡಿಯೋ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ನೆನೆದು ನಿಟ್ಟುಸಿರುಬಿಡುವವರು ಬೇಕಾದಷ್ಟಿದ್ದಾರೆ. ಎಂಬತ್ತರ ದಶಕದ ನಡುವಿನವರೆಗೂ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಆದರೆ ಹಲವು ಸೆಟ್ಟುಗಳ ಹಿಂಬದಿ ಹಲಗೆ ತೆಗೆದರೆ ಒಳಗೇ ಡಯಾಗ್ರಾಂ ಅಂಟಿಸಿರುತ್ತಿದ್ದರು. ಕೇಳುವುದಕ್ಕೆ ಅಪ್ಪಣೆ ಬೇಕಿತ್ತು, ಬಿಚ್ಚುವುದಕ್ಕೆ ಬೇಕಿರಲಿಲ್ಲ. ಕಂಪ್ಯೂಟರ್ ಕೂಡ ಹೀಗೆಯೇ ಶುರುವಾಯಿತು. ಆಪಲ್ ಟೂ ಯಂತ್ರದ ಕೈಪಿಡಿಯಲ್ಲಿ ಅದರ ಪೂರ್ತಿ ಸರ್ಕ್ಯೂಟ್ ಇತ್ತು. 1981ರ ಐಬಿಎಂ ಪಿ.ಸಿ.ಯ ತಾಂತ್ರಿಕ ಕೈಪಿಡಿಯಲ್ಲಿ ಬಯಾಸ್ ಪ್ರೋಗ್ರಾಮಿನ ಸಾಲುಗಳೂ ಅಚ್ಚಾಗಿದ್ದವು. ಇಂದು ಬೀಗಗಳಿಗೆ ಹೆಸರಾದ ಆಪಲ್ ಹುಟ್ಟಿದ್ದು ಡಯಾಗ್ರಾಂ ಹಂಚುವವರ ಕೂಟದಲ್ಲಿ ಎಂಬುದನ್ನು ಅದರ ಭಕ್ತರೂ ಮರೆತಿದ್ದಾರೆ, ವೈರಿಗಳೂ ಮರೆತಿದ್ದಾರೆ.

ನಮ್ಮ ತಲೆಮಾರಿನದು ಕಲರ್ ಟಿ.ವಿ. 1982ರ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೇಶಕ್ಕೆ ಬಣ್ಣ ಬಂತು. ಹೊರದೇಶದ ಕಿಟ್ಟುಗಳು ಬಂದವು, ಹಿಂದೆಯೇ ಬಿಪಿಎಲ್, ಒನಿಡಾ, ವಿಡಿಯೋಕಾನ್, ಕೆಲ್ಟ್ರಾನ್, ಡಯನೋರಾ ಬಂದವು. ಕಂಪನಿಯ ಸರ್ವಿಸ್ ಸೆಂಟರ್ ಜಿಲ್ಲಾ ಕೇಂದ್ರ ದಾಟಿ ಬರುತ್ತಿರಲಿಲ್ಲ. ತಾಲ್ಲೂಕು ಊರಿನ ಟಿ.ವಿ.ಗಳನ್ನು ಉಳಿಸಿದ್ದು ಐಟಿಐನಲ್ಲಿ ರೇಡಿಯೋ-ಟಿ.ವಿ. ಮೆಕ್ಯಾನಿಕ್ ಕೋರ್ಸ್ ಮುಗಿಸಿದವರು, ಅಂಥವರ ಅಂಗಡಿಯಲ್ಲಿ ಕೂತು ಕಲಿತವರು. ಅವರಿಗೆ ಆಧಾರವಾದದ್ದು ಬ್ರ್ಯಾಂಡುವಾರು ಡಯಾಗ್ರಾಂಗಳನ್ನು ಒಟ್ಟುಮಾಡಿ ಹೊಲಿದ ದಪ್ಪ ಪುಸ್ತಕಗಳು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗದ ಜೊತೆಗೆ ಇವೂ ಸಿಗುತ್ತಿದ್ದವು.

ಆ ಹಾಳೆ ಏನು ಕೊಡುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗೋಷ್ಠಿಗಳಲ್ಲಿ ಮಾತಾಡುವವರಲ್ಲಿ ಅದನ್ನು ಓದಿದವರು ಕಡಿಮೆ. ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕು, ಅಲ್ಲಿ ಆಸಿಲೋಸ್ಕೋಪ್ ಇಟ್ಟರೆ ಅಲೆ ಯಾವ ಆಕಾರದಲ್ಲಿ ಕಾಣಬೇಕು ಎಂದೆಲ್ಲ ಅದರಲ್ಲಿ ಅಚ್ಚಾಗಿರುತ್ತಿತ್ತು. ಪರದೆಯ ನಡುವೆ ಒಂದೇ ಒಂದು ಅಡ್ಡಗೆರೆ ಉಳಿದಿದ್ದರೆ ವರ್ಟಿಕಲ್ ಐಸಿ ಇಲ್ಲವೇ ಅದರ ಸಪ್ಲೈ. ಸದ್ದೂ ಇಲ್ಲ ಬೆಳಕೂ ಇಲ್ಲ ಎಂದರೆ ಪವರ್ ಸಪ್ಲೈ, ಆಮೇಲೆ ಬಿಯು208 ಟ್ರಾನ್ಸಿಸ್ಟರ್, ಅದೂ ಸರಿ ಇದ್ದರೆ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಹೋದರೆ ಕೊನೆಗೆ ಸಿಗುವುದು ಎಷ್ಟೋ ಸಲ ಬರೀ ಡ್ರೈ ಸೋಲ್ಡರ್. ಮಾಲೀಕರ ಖರ್ಚು ಕೆಲವೇ ರೂಪಾಯಿ. ಆಗಲೇ ಇನ್ನೊಂದು ಪಂಥವೂ ಇತ್ತು: ಬೋರ್ಡ್ ಎತ್ತಿ ಬೇರೆ ಬೋರ್ಡ್ ಕೂರಿಸುವವರು. ಕೆಲಸ ಬೇಗ ಆಗುತ್ತಿತ್ತು, ಸಂಪಾದನೆಯೂ ಜಾಸ್ತಿ. ಇಂದು ಅಧಿಕೃತ ಸರ್ವಿಸ್ ಸೆಂಟರ್‌ಗಳಲ್ಲಿ ನಡೆಯುವುದು ಬಹುಮಟ್ಟಿಗೆ ಅದೇ ಪಂಥದ ಕೆಲಸ. ಅದನ್ನು ರಿಪೇರಿ ಎಂದು ಕರೆಯಲು ನನಗೆ ಈಗಲೂ ಮನಸ್ಸು ಒಪ್ಪುವುದಿಲ್ಲ.

ಬದಲಾವಣೆ ಸದ್ದಿಲ್ಲದೆ ಬಂತು. ಮೊದಲೆಲ್ಲ ಚಿತ್ರದ ಎತ್ತರ, ಬಿಳಿಯ ಹದ, ಬಣ್ಣದ ತೂಕ ಸರಿಮಾಡಲು ಬೋರ್ಡಿನ ಮೇಲೆ ಪುಟ್ಟ ಪ್ರೀಸೆಟ್‌ಗಳು ಇರುತ್ತಿದ್ದವು. ಸ್ಕ್ರೂ ಡ್ರೈವರಿನಿಂದ ತಿರುಗಿಸಿದರೆ ಮುಗಿಯಿತು. ತೊಂಬತ್ತರ ದಶಕದಲ್ಲಿ ಅವು ಒಂದೊಂದಾಗಿ ಮಾಯವಾಗಿ, ಆ ಅಳತೆಗಳೆಲ್ಲ 24ಸಿ02, 24ಸಿ04 ಎಂಬ ಎಂಟು ಕಾಲಿನ ಮೆಮೊರಿ ಐಸಿಯೊಳಗೆ ಹೋಗಿ ಕೂತವು. ಅವನ್ನು ತೆರೆಯಲು ರಿಮೋಟಿನ ಗುಂಡಿಗಳನ್ನು ಒಂದು ಗುಟ್ಟಿನ ಸರಣಿಯಲ್ಲಿ ಒತ್ತಬೇಕು. ಸರಣಿ ಗೊತ್ತಿಲ್ಲದಿದ್ದರೆ ಡಯಾಗ್ರಾಂ ಇದ್ದೂ ಉಪಯೋಗವಿಲ್ಲ. ಮುಂದೆ ಪ್ರಪಂಚವೆಲ್ಲ ಕೂಗಾಡಿದ ಸಂಗತಿಯ ಬೀಜ ಇಲ್ಲಿದೆ. ಆಗ ಯಾರೂ ಕೂಗಲಿಲ್ಲ, ಏಕೆಂದರೆ ಕೋಡುಗಳು ಹೇಗೋ ಹೊರಬರುತ್ತಿದ್ದವು. ಮೆಕ್ಯಾನಿಕ್‌ಗಳ ಡೈರಿಯ ಹಿಂಬದಿ ಹಾಳೆಗಳೆಲ್ಲ ಅವೇ.

ಅತ್ತ ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ಬಾಗಿಲಿನಿಂದ ಬಂದಿತ್ತು. ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಒಂದು ಜೆರಾಕ್ಸ್ ಪ್ರಿಂಟರಿನ ಪ್ರೋಗ್ರಾಂ ತಿದ್ದಲು ಮೂಲ ಆಕರ ಸಿಗದ ಸಿಟ್ಟು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದ್ದರ ಹಿಂದೆ ಇದೆ. ಸ್ವತಂತ್ರ ತಂತ್ರಾಂಶದ ಕಥೆಯನ್ನು ಕನ್ನಡದಲ್ಲೂ ಸಾಕಷ್ಟು ಹೇಳಿಯಾಗಿದೆ. ಹೇಳದೆ ಬಿಟ್ಟಿರುವುದು ಟಿವೋ ಪ್ರಕರಣ. ಟಿ.ವಿ. ಕಾರ್ಯಕ್ರಮ ರೆಕಾರ್ಡ್ ಮಾಡುವ ಆ ಪೆಟ್ಟಿಗೆಯಲ್ಲಿ ಲಿನಕ್ಸ್ ಇತ್ತು, ಲಿನಕ್ಸಿನ ಜಿಪಿಎಲ್ ಪರವಾನಗಿಯ ನಿಯಮದಂತೆ ಕಂಪನಿ ಆಕರವನ್ನೂ ಕೊಟ್ಟಿತು. ಆದರೆ ನೀವು ತಿದ್ದಿದ ಪ್ರೋಗ್ರಾಂ ಹಾಕಿದರೆ ಪೆಟ್ಟಿಗೆ ಅದನ್ನು ಓಡಿಸುತ್ತಿರಲಿಲ್ಲ. ಹಾಳೆ ಕೈಗೆ ಕೊಟ್ಟು ಸ್ಕ್ರೂ ಡ್ರೈವರ್ ಕಸಿದುಕೊಂಡ ಹಾಗೆ. 2007ರ ಮೂರನೆಯ ಜಿಪಿಎಲ್ ಪರವಾನಗಿ ಇದನ್ನು ತಡೆಯಲು ಹೊರಟಿತು. ಲಿನಕ್ಸ್ ಕರ್ನಲ್ ಮಾತ್ರ ಹಳೆಯ ಎರಡನೆಯದರಲ್ಲೇ ಉಳಿಯಿತು. ಅದೇ ಕರ್ನಲ್ ಮೇಲೆ ನಿಂತ ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳ ಸ್ಥಿತಿಗೆ ಆ ಒಂದು ತೀರ್ಮಾನದ ಪಾಲೂ ಇದೆ ಎಂದು ನನ್ನ ಅಭಿಪ್ರಾಯ.

ಬೀಗಕ್ಕೆ ಕಾನೂನಿನ ಕಾವಲು ಸಿಕ್ಕಿದ್ದು 1998ರ ಅಮೆರಿಕದ ಡಿಎಂಸಿಎ ಕಾಯ್ದೆಯಿಂದ. ಹಾಡು, ಸಿನಿಮಾಗಳ ಕಳ್ಳಪ್ರತಿ ತಡೆಯಲು ಮಾಡಿದ ಕಾಯ್ದೆಯನ್ನು ಹಿಡಿದು ಪ್ರಿಂಟರಿನ ಟೋನರ್ ಚಿಪ್ಪಿಗೂ ಗ್ಯಾರೇಜ್ ಬಾಗಿಲಿನ ರಿಮೋಟಿಗೂ ಮೊಕದ್ದಮೆ ಹೂಡಿದರು. ಎರಡೂ ಕಡೆ ಬೀಗದವರೇ 2004ರಲ್ಲಿ ಸೋತರು. ಆದರೆ ಕಾಯ್ದೆ ಹಾಗೇ ನಿಂತಿತು. ಫೋನ್, ಕಾರು, ಟ್ರ್ಯಾಕ್ಟರ್ ರಿಪೇರಿ ಮಾಡುವವರು ಮೂರು ವರ್ಷಕ್ಕೊಮ್ಮೆ ಹೋಗಿ ವಿನಾಯಿತಿ ಬೇಡಬೇಕಾದ ಪದ್ಧತಿ ಬೆಳೆಯಿತು. ನಮ್ಮಲ್ಲಿ ಹೀಗಾಗಲಿಲ್ಲ ಎಂಬುದನ್ನು ಎಷ್ಟು ಜನ ಗಮನಿಸಿದ್ದಾರೋ ತಿಳಿಯದು. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರನ್ನು ಮಾತ್ರ ಶಿಕ್ಷಿಸುತ್ತದೆ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಗಳನ್ನು ಹೊರಗಿಡುತ್ತದೆ. ಅಮೆರಿಕದ ರಿಪೇರಿಯವರು ಬೇಡಿಕೊಳ್ಳುವುದರಲ್ಲಿ ಒಂದಷ್ಟು ನಮಗೆ ಕೇಳದೆಯೇ ಸಿಕ್ಕಿದೆ. ಅದನ್ನು ಬಳಸಿ ಯಾರೂ ಏನೂ ಕಟ್ಟಲಿಲ್ಲ.

ಇದೇ ವರ್ಷಗಳಲ್ಲಿ ಕನ್ನಡಿಗರು ಫೋನಿನ ಬೀಗವನ್ನು ಮುರಿದದ್ದು ರಿಪೇರಿಗಾಗಿ ಅಲ್ಲ, ಓದುವುದಕ್ಕಾಗಿ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವೆಂದರೆ ಸಾಲುಸಾಲು ಚೌಕದ ಡಬ್ಬಿಗಳು. ಒಪೆರಾ ಮಿನಿಯ ಒಳಸೆಟ್ಟಿಂಗಿಗೆ ಹೋಗಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಳ್ಳುವ ಉಪಾಯ ಬಾಯಿಂದ ಬಾಯಿಗೆ ಹಬ್ಬಿತ್ತು. ಅಷ್ಟಕ್ಕೆ ಸುಮ್ಮನಾಗದವರು ವಾರಂಟಿ ಹೋದರೆ ಹೋಗಲಿ ಎಂದು ಫೋನನ್ನು ರೂಟ್ ಮಾಡಿ ಫಾಂಟ್ ತುರುಕಿದರು. 2012ರ ಜೆಲ್ಲಿಬೀನ್ ಆವೃತ್ತಿಯಲ್ಲಿ ಕನ್ನಡ ಬಂದ ಮೇಲೆ ಇದೆಲ್ಲ ಮರೆತುಹೋಯಿತು. ಸ್ವಂತ ಫೋನಿನಲ್ಲಿ ಸ್ವಂತ ಭಾಷೆ ಓದಲು ಕಂಪನಿಯ ಅಪ್ಪಣೆ ಕಾಯಬೇಕಿತ್ತು ಎಂಬ ಸಂಗತಿ ಕನ್ನಡ ಗಣಕದ ಇತಿಹಾಸ ಬರೆಯುವವರಿಗೂ ಅಡಿಟಿಪ್ಪಣಿಗೆ ಸಾಕಾಗುವ ವಿಷಯವಾಗಿದೆ. ಅದೇ ಇತಿಹಾಸಗಳಲ್ಲಿ ಕೀಲಿಮಣೆ ವಿನ್ಯಾಸದ ಜಗಳಕ್ಕೆ ಮಾತ್ರ ಪುಟಗಟ್ಟಲೆ ಜಾಗವಿದೆ.

ಮೊಬೈಲ್ ರಿಪೇರಿ ಅಂಗಡಿಗಳ ಬಗ್ಗೆ ಒಂದು ಮಾತು. ನೋಕಿಯಾ 1100ರ ಕಾಲದಲ್ಲಿ ಅವರನ್ನು ನಾವು ಟಿ.ವಿ.ಯವರು ಹಗುರವಾಗಿ ಕಂಡದ್ದು ನಿಜ. ಆದರೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನ ಆ ಚಿಕ್ಕ ಗೂಡುಗಳಲ್ಲಿ ಫ್ಲಾಶಿಂಗ್ ಬಾಕ್ಸ್, ಹಾಟ್ ಏರ್ ಗನ್, ಮೈಕ್ರೋಸ್ಕೋಪಿನ ಜೊತೆಗೆ ಬೋರ್ಡಿನ ಸ್ಕೀಮ್ಯಾಟಿಕ್ ಫೈಲುಗಳೂ ಇದ್ದವು. ಎಲ್ಲಿಂದಲೋ ಸೋರಿ ಪೆನ್ ಡ್ರೈವ್‌ನಲ್ಲಿ ಕೈಬದಲಾಗುತ್ತಿದ್ದವು. ಅಂದರೆ ಅವರೂ ಹಾಳೆ ನೋಡಿಯೇ ಕೆಲಸ ಮಾಡಿದವರು. ನಮಗೆ ಪುಸ್ತಕದ ಅಂಗಡಿಯಲ್ಲಿ ಸಿಗುತ್ತಿದ್ದುದನ್ನು ಅವರು ಕದ್ದುಮುಚ್ಚಿ ಪಡೆಯಬೇಕಾಯಿತು, ಅಷ್ಟೇ ವ್ಯತ್ಯಾಸ. ಈ ವ್ಯತ್ಯಾಸವನ್ನೇ ಜುಗಾಡ್ ಎಂದು ಕೊಂಡಾಡುತ್ತಿದ್ದಾರೆ.

ಭಾರತದಲ್ಲಿ ಈ ಕ್ಷೇತ್ರದ ಅತಿ ಮುಖ್ಯ ದಾಖಲೆ ಯಾವುದು ಎಂದು ಕೇಳಿದರೆ ನಾನು 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ ಕೊಟ್ಟ ಆದೇಶವನ್ನು ತೋರಿಸುತ್ತೇನೆ. 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ. ಪತ್ರಿಕೆಗಳು ದಂಡದ ಮೊತ್ತ ಬರೆದು ಸುಮ್ಮನಾದವು. ಕೆಲವು ಕಂಪನಿಗಳ ದಂಡ ಮೇಲ್ಮನವಿಯಲ್ಲಿ ಇಳಿದದ್ದು ಹೆಚ್ಚು ಸುದ್ದಿಯಾಗಲಿಲ್ಲ. ಆದೇಶದ ತಿರುಳು ಇರುವುದು ಬೇರೆಡೆ. ಬಿಡಿಭಾಗ ಮಾತ್ರವಲ್ಲ, ದೋಷ ಹುಡುಕುವ ಉಪಕರಣ ಮತ್ತು ತಾಂತ್ರಿಕ ಕೈಪಿಡಿಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದು ಆಯೋಗ ಹೇಳಿತು. ಎರಡು ವರ್ಷ ಮೊದಲು ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಕಾರು ರಿಪೇರಿಯ ಕಾಯ್ದೆಯನ್ನು ಭಾರಿ ಬಹುಮತದಿಂದ ಒಪ್ಪಿದ್ದರು. ಅದನ್ನು ಉದಾಹರಿಸುವವರು ನಮ್ಮ ಗೋಷ್ಠಿಗಳಲ್ಲಿ ಸಿಗುತ್ತಾರೆ; ಕಾರಿನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ನೇರವಾಗಿ ತಟ್ಟುವ ಸ್ವಂತ ದೇಶದ ಆದೇಶವನ್ನು ಉದಾಹರಿಸುವವರು ಸಿಗುವುದಿಲ್ಲ.

ಹತ್ತು ವರ್ಷಗಳಿಂದೀಚೆಗೆ ಸುದ್ದಿಗೆ ಬರವಿಲ್ಲ. ಹಳೆಯ ಬ್ಯಾಟರಿಯ ಐಫೋನುಗಳ ವೇಗ ತಗ್ಗಿಸುತ್ತಿರುವುದನ್ನು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫ್ರಾನ್ಸ್ 2021ರಿಂದ ಸಾಮಾನುಗಳ ಮೇಲೆ ರಿಪೇರಿ ಅಂಕ ಅಚ್ಚುಹಾಕಿಸಿತು. ಕೊಲರಾಡೋ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳಿಗೇ ಕಾಯ್ದೆ ಮಾಡಿತು. ಬಿಡಿಭಾಗಗಳನ್ನು ನಂಬರಿನಿಂದ ಒಂದೇ ಯಂತ್ರಕ್ಕೆ ಕಟ್ಟಿಹಾಕುವುದನ್ನು ಓರೆಗಾನ್ 2024ರಲ್ಲಿ ನಿಷೇಧಿಸಿತು. ಅಸಲಿ ಪರದೆಯನ್ನೇ ಹಾಕಿದರೂ ಫೋನ್ ತಗಾದೆ ಮಾಡುವ ಕಾಯಿಲೆಗೆ ಇದೇ ಮೊದಲ ನೇರ ಮದ್ದು ಎನ್ನಬೇಕು. ಇವೆಲ್ಲಕ್ಕಿಂತ ಕಣ್ಣು ತೆರೆಸಿದ್ದು ಪೋಲೆಂಡಿನ ರೈಲುಗಳು. ಬೇರೆ ವರ್ಕ್‌ಶಾಪಿನಲ್ಲಿ ರಿಪೇರಿಯಾದ ನೆವಾಗ್ ಕಂಪನಿಯ ರೈಲುಗಳು ಕಾರಣವಿಲ್ಲದೆ ಮುಷ್ಕರ ಹೂಡಿದವು. ಸ್ಪರ್ಧಿ ವರ್ಕ್‌ಶಾಪುಗಳ ಜಾಗದಲ್ಲಿ ರೈಲು ಕೆಲವು ದಿನ ನಿಂತರೆ ತಾನೇ ಕೆಟ್ಟುಹೋಗುವಂತೆ ಪ್ರೋಗ್ರಾಂ ಬರೆದಿದೆ ಎಂದು ಪರಿಶೀಲಿಸಿದ ಹ್ಯಾಕರುಗಳು 2023ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿದರು. ಕಂಪನಿ ಆರೋಪ ನಿರಾಕರಿಸಿ ಅವರ ಮೇಲೆಯೇ ದಾವೆ ಹೂಡಿತು. ರೈಲ್ವೆಯಂಥ ದೊಡ್ಡ ಗಿರಾಕಿಗೇ ಈ ಗತಿಯಾದರೆ ಮಿಕ್ಸಿ ಕೊಂಡವರ ಗತಿ ಹೇಳಬೇಕಾಗಿಲ್ಲ.

ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಅಲ್ಲಿ ಹೆಚ್ಚಾಗಿ ಸಿಗುವುದು ಬಳಕೆದಾರರ ಕೈಪಿಡಿ, ವಾರಂಟಿಯ ಷರತ್ತು, ಸರ್ವಿಸ್ ಸೆಂಟರ್ ವಿಳಾಸ. ಡಯಾಗ್ರಾಂ ಹುಡುಕಿಕೊಂಡು ಹೋದ ಮೆಕ್ಯಾನಿಕ್ ಬರಿಗೈಯಲ್ಲಿ ಬರುತ್ತಾನೆ. ರಿಪೇರಿ ಸೂಚ್ಯಂಕದ ಸಮಿತಿ 2025ರ ಮೇನಲ್ಲಿ ವರದಿ ಕೊಟ್ಟಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ಬೇಗ ಸಿಗುತ್ತದೆ, ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ, ರಿಪೇರಿಯ ಮಾಹಿತಿ ಉಂಟೇ ಎಂದು ಅಂಕ ಕೊಡುವ ಯೋಜನೆ ಅದು. ಅಂಕ ಘೋಷಿಸಬೇಕಾದವರು ಕಂಪನಿಗಳೇ. ಆ ರಿಪೇರಿ ಮಾಹಿತಿ ಯಾವ ಭಾಷೆಯಲ್ಲಿ ಇರಬೇಕು ಎಂಬ ಪ್ರಶ್ನೆ ಸುದ್ದಿಗಳಲ್ಲೂ ಚರ್ಚೆಗಳಲ್ಲೂ ನನಗೆ ಕಂಡಿಲ್ಲ. ಐಟಿಐನಲ್ಲಿ ಕನ್ನಡದಲ್ಲೇ ಕೇಳಿ ಕಲಿತವರಿಗೆ ಅದು ಸಣ್ಣ ಪ್ರಶ್ನೆಯೇನಲ್ಲ.

ಟ್ರ್ಯಾಕ್ಟರಿನ ವಿಷಯ ಉಳಿಯಿತು. ಟ್ರ್ಯಾಕ್ಟರಿನ ಸಾಫ್ಟ್‌ವೇರಿಗೆ ಬೀಗ ಹಾಕಿದ ಜಾನ್ ಡೀರ್ ಕಂಪನಿಯ ವಿರುದ್ಧ ಅಮೆರಿಕದ ರೈತರ ಹೋರಾಟದ ಬಗ್ಗೆ ಓದುವಾಗ ನಮ್ಮವರು, ನಮ್ಮ ಟ್ರ್ಯಾಕ್ಟರಿನಲ್ಲಿ ಕಂಪ್ಯೂಟರ್ ಎಲ್ಲಿದೆ ಎಂದು ನಗುತ್ತಿದ್ದರು. 2023ರ ಜನವರಿಯಿಂದ 50 ಎಚ್.ಪಿ. ಮೀರಿದ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಜಾರಿಗೆ ಬಂದು, ಹಳೆಯ ಮೆಕ್ಯಾನಿಕಲ್ ಪಂಪಿನ ಜಾಗಕ್ಕೆ ಇಸಿಯು ಎಂಬ ಎಂಜಿನ್ ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಬಂದಿದೆ. ಗದಗಿನಲ್ಲೋ ಸಿಂಧನೂರಿನಲ್ಲೋ ಪಂಪ್ ಬಿಚ್ಚಿ ಕೂರಿಸಿ ಹೆಸರಾದ ಮೇಸ್ತ್ರಿಗೆ ಈಗ ಸ್ಕ್ಯಾನರ್ ಬೇಕು, ಅದರ ದೋಷಸಂಖ್ಯೆಗಳ ಅರ್ಥ ಬೇಕು. 2022ರ ಸಮಿತಿ ಗುರುತಿಸಿದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. 2025ರ ವರದಿ ಮೊಬೈಲು ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳ ಸುತ್ತಲೇ ನಿಂತಿದೆ.