ವಾಕ್ಯರೂಪದ ಲೆಕ್ಕಗಳಲ್ಲಿ ಅವಿಭಾಜ್ಯ ಅಪವರ್ತನ ಕ್ರಮದ ಬಳಕೆ

ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿಯಾಗಿ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಹಾಗೂ ಅಂಕಗಣಿತವನ್ನೊಳಗೊಂಡ ನೇಮಕಾತಿ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಶಾಲೆ ಬಿಟ್ಟು ಹಲವು ವರ್ಷಗಳಾದವರಿಗೂ ಗುಣಾಕಾರ, ಭಾಗಾಕಾರಗಳು ಸಾಮಾನ್ಯವಾಗಿ ನೆನಪಿರುತ್ತವೆ. ಆದರೆ ಪ್ರಶ್ನೆಯು ಮಹತ್ತಮ ಸಾಮಾನ್ಯ ಅಪವರ್ತನವನ್ನು (ಮ.ಸಾ.ಅ.) ಕೇಳುತ್ತಿದೆಯೇ ಅಥವಾ ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು (ಲ.ಸಾ.ಅ.) ಕೇಳುತ್ತಿದೆಯೇ ಎಂಬುದನ್ನು ನಿರ್ಧರಿಸುವಲ್ಲಿ ತೊಡಕು ಉಂಟಾಗುತ್ತದೆ. ಈ ನಿರ್ಧಾರ ತಪ್ಪಿದಲ್ಲಿ ಮುಂದಿನ ಎಲ್ಲ ಗಣನೆ ಸರಿಯಿದ್ದರೂ ಉತ್ತರ ತಪ್ಪಾಗುತ್ತದೆ.

1. ಮೂಲ ವಿಷಯ

1 ಮತ್ತು ಅದೇ ಸಂಖ್ಯೆಯ ಹೊರತು ಬೇರೆ ಅಪವರ್ತನಗಳಿಲ್ಲದ, 1ಕ್ಕಿಂತ ದೊಡ್ಡದಾದ ಪೂರ್ಣ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎನ್ನಲಾಗುತ್ತದೆ. 2, 3, 5, 7, 11, 13 ಇವು ಉದಾಹರಣೆಗಳು. 1 ಅವಿಭಾಜ್ಯ ಸಂಖ್ಯೆಯಲ್ಲ. 1ಕ್ಕಿಂತ ದೊಡ್ಡದಾದ ಪ್ರತಿಯೊಂದು ಪೂರ್ಣ ಸಂಖ್ಯೆಯೂ ತಾನೇ ಅವಿಭಾಜ್ಯವಾಗಿರುತ್ತದೆ, ಇಲ್ಲವೇ ಅದನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಕ್ರಮ ಮಾತ್ರ ಬದಲಾಗಬಹುದು. ಇದಕ್ಕೆ ಅಂಕಗಣಿತದ ಮೂಲಪ್ರಮೇಯ ಎಂದು ಹೆಸರು. ಜರ್ಮನಿಯ ಗಣಿತಜ್ಞ ಗೌಸ್ 1801ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಸ್ಪಷ್ಟ ನಿರೂಪಣೆ ಇದೆ. ಕ್ರಿ.ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳ ಛೇದಗಳಿಗೆ ಲ.ಸಾ.ಅ. ಕಂಡುಹಿಡಿಯುವ ನಿಯಮವನ್ನು 'ನಿರುದ್ಧ' ಎಂಬ ಹೆಸರಿನಲ್ಲಿ ತಿಳಿಸಿದ್ದಾನೆ.

2. ಅಪವರ್ತಿಸುವ ವಿಧಾನ

ಸಂಖ್ಯೆಯನ್ನು 2ರಿಂದ ಆರಂಭಿಸಿ, ಭಾಗವಾಗುವವರೆಗೂ ಅದೇ ಸಂಖ್ಯೆಯಿಂದ ಭಾಗಿಸಿ, ನಂತರ 3, 5, 7 ಹೀಗೆ ಮುಂದುವರಿಯಬೇಕು. 504ನ್ನು ಭಾಗಿಸಿದಾಗ 252, 126, 63, 21, 7 ಎಂಬ ಭಾಗಲಬ್ಧಗಳು ದೊರೆಯುತ್ತವೆ. ಆದ್ದರಿಂದ 504 = 2³ × 3² × 7.

ಪರೀಕ್ಷಿಸಬೇಕಾದ ಅವಿಭಾಜ್ಯ ಸಂಖ್ಯೆಯ ವರ್ಗವು ಉಳಿದ ಸಂಖ್ಯೆಗಿಂತ ದೊಡ್ಡದಾದಾಗ ಅಲ್ಲಿಗೆ ನಿಲ್ಲಿಸಬಹುದು. 97 ಎಂಬುದು 2, 3, 5, 7ರಿಂದ ಭಾಗವಾಗುವುದಿಲ್ಲ. 11ರ ವರ್ಗ 121, ಅಂದರೆ 97ಕ್ಕಿಂತ ದೊಡ್ಡದು. ಆದ್ದರಿಂದ 97 ಅವಿಭಾಜ್ಯ. ಅವಿಭಾಜ್ಯದಂತೆ ಕಾಣುವ 91 ಮಾತ್ರ 7 × 13 ಆಗಿರುವುದನ್ನು ಗಮನಿಸುವುದು.

3. ಸಮನಾಗಿ ಹಂಚುವ ಲೆಕ್ಕಗಳು (ಮ.ಸಾ.ಅ.)

ಪ್ರಶ್ನೆ: 504 ನೋಟ್‌ಪುಸ್ತಕ ಮತ್ತು 360 ಪೆನ್ಸಿಲ್‌ಗಳನ್ನು ಏನೂ ಉಳಿಯದಂತೆ ಮಕ್ಕಳಿಗೆ ಸಮನಾಗಿ ಹಂಚಬೇಕು. ಹೆಚ್ಚೆಂದರೆ ಎಷ್ಟು ಮಕ್ಕಳಿಗೆ ಹಂಚಬಹುದು?

504 = 2³ × 3² × 7
360 = 2³ × 3² × 5

ಮಕ್ಕಳ ಸಂಖ್ಯೆಯು ಎರಡನ್ನೂ ನಿಶ್ಶೇಷವಾಗಿ ಭಾಗಿಸಬೇಕು. ಎರಡರಲ್ಲಿಯೂ ಇರುವ ಅವಿಭಾಜ್ಯಗಳನ್ನು ಮಾತ್ರ, ಕನಿಷ್ಠ ಘಾತದೊಡನೆ, ತೆಗೆದುಕೊಂಡರೆ 2³ × 3² = 72. ಉಳಿದ 7 ಮತ್ತು 5 ಎಂಬ ಅಪವರ್ತನಗಳೇ ಒಬ್ಬರಿಗೆ ದೊರೆಯುವ ಪಾಲು: 7 ಪುಸ್ತಕ, 5 ಪೆನ್ಸಿಲ್.

4. ಮತ್ತೆ ಕೂಡಿ ಬರುವ ಲೆಕ್ಕಗಳು (ಲ.ಸಾ.ಅ.)

ಪ್ರಶ್ನೆ: ಒಂದು ನಿಲ್ದಾಣದಿಂದ ಮೂರು ಊರುಗಳಿಗೆ ಕ್ರಮವಾಗಿ 24, 36 ಮತ್ತು 40 ನಿಮಿಷಗಳಿಗೊಮ್ಮೆ ಬಸ್ಸು ಹೊರಡುತ್ತದೆ. ಬೆಳಿಗ್ಗೆ 6 ಗಂಟೆಗೆ ಮೂರೂ ಒಟ್ಟಿಗೆ ಹೊರಟರೆ ಮುಂದೆ ಮೊದಲ ಬಾರಿಗೆ ಒಟ್ಟಿಗೆ ಹೊರಡುವುದು ಯಾವಾಗ?

24 = 2³ × 3
36 = 2² × 3²
40 = 2³ × 5

ಇಲ್ಲಿ ಉತ್ತರವನ್ನೇ ಮೂರೂ ಸಂಖ್ಯೆಗಳು ನಿಶ್ಶೇಷವಾಗಿ ಭಾಗಿಸಬೇಕು. ಕಾಣಿಸಿಕೊಂಡ ಎಲ್ಲ ಅವಿಭಾಜ್ಯಗಳನ್ನೂ ಗರಿಷ್ಠ ಘಾತದೊಡನೆ ತೆಗೆದುಕೊಂಡರೆ 2³ × 3² × 5 = 360 ನಿಮಿಷ, ಅಂದರೆ 6 ಗಂಟೆ. ಉತ್ತರ: ಮಧ್ಯಾಹ್ನ 12 ಗಂಟೆ. ಮೂರೂ ಸಂಖ್ಯೆಗಳನ್ನು ನೇರವಾಗಿ ಗುಣಿಸಿದವರಿಗೆ 34,560 ನಿಮಿಷ, ಅಂದರೆ 24 ದಿನ, ಎಂಬ ತಪ್ಪು ಉತ್ತರ ಬರುತ್ತದೆ.

ಶೇಷದ ಪ್ರಶ್ನೆಗಳೂ ಇದೇ ವರ್ಗಕ್ಕೆ ಸೇರುತ್ತವೆ. 12, 15 ಮತ್ತು 18ರಿಂದ ಭಾಗಿಸಿದಾಗ ಪ್ರತಿ ಬಾರಿಯೂ ಭಾಗಲಬ್ಧವಿದ್ದು ಶೇಷ 5 ಉಳಿಯುವ ಅತಿ ಚಿಕ್ಕ ಸಂಖ್ಯೆ ಬೇಕಾದಲ್ಲಿ, ಲ.ಸಾ.ಅ. 180ಕ್ಕೆ 5ನ್ನು ಕೂಡಿಸಬೇಕು. ಉತ್ತರ 185.

5. ಚೌಕದ ಲೆಕ್ಕಗಳು

ಪೂರ್ಣ ವರ್ಗ ಸಂಖ್ಯೆಯಲ್ಲಿ ಪ್ರತಿ ಅವಿಭಾಜ್ಯದ ಘಾತವೂ ಸಮಸಂಖ್ಯೆಯಾಗಿರುತ್ತದೆ. ಒಂದು ಗುಂಟೆ 1,089 ಚದರ ಅಡಿ = 3² × 11². ಎರಡೂ ಘಾತಗಳು ಸಮವಾಗಿರುವುದರಿಂದ ಗುಂಟೆಯನ್ನು 33 ಅಡಿ ಬಾಹುವಿನ ಚೌಕವಾಗಿ ಅಳೆಯಬಹುದು.

40 ಗುಂಟೆಗಳ ಒಂದು ಎಕರೆ 43,560 ಚದರ ಅಡಿ = 2³ × 3² × 5 × 11². ಇಲ್ಲಿ 2 ಮತ್ತು 5ರ ಘಾತಗಳು ಬೆಸವಾಗಿವೆ. ಆದ್ದರಿಂದ ಪೂರ್ಣ ಅಡಿಗಳ ಬಾಹುವುಳ್ಳ ಚೌಕವು ಸರಿಯಾಗಿ ಒಂದು ಎಕರೆ ಆಗಲಾರದು. ಕೊರತೆಯಿರುವ 2 × 5 = 10ರಿಂದ ಗುಣಿಸಿದಾಗ 10 ಎಕರೆ, ಅಂದರೆ 4,35,600 ಚದರ ಅಡಿ, 660 ಅಡಿ ಬಾಹುವಿನ ಚೌಕವಾಗುತ್ತದೆ.

6. ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

(ಅ) 'ಗರಿಷ್ಠ' ಎಂಬ ಪದ ಕಂಡಾಕ್ಷಣ ಮ.ಸಾ.ಅ., 'ಕನಿಷ್ಠ' ಎಂಬ ಪದ ಕಂಡಾಕ್ಷಣ ಲ.ಸಾ.ಅ. ಎಂದು ನಿರ್ಧರಿಸಬಾರದು. ಮೇಲಿನ ನೋಟ್‌ಪುಸ್ತಕ, ಪೆನ್ಸಿಲ್‌ಗಳನ್ನೇ ಕುರಿತು 'ಒಬ್ಬರಿಗೆ ಕನಿಷ್ಠ ಎಷ್ಟು ಪುಸ್ತಕ ದೊರೆಯುತ್ತದೆ' ಎಂದು ಕೇಳಿದರೂ ಕಂಡುಹಿಡಿಯಬೇಕಾದುದು ಮ.ಸಾ.ಅ.ವನ್ನೇ.

(ಆ) ಉತ್ತರವು ಕೊಟ್ಟ ಸಂಖ್ಯೆಗಳನ್ನು ಭಾಗಿಸಬೇಕಾದಲ್ಲಿ ಮ.ಸಾ.ಅ.; ಕೊಟ್ಟ ಸಂಖ್ಯೆಗಳು ಉತ್ತರವನ್ನು ಭಾಗಿಸಬೇಕಾದಲ್ಲಿ ಲ.ಸಾ.ಅ.

(ಇ) ಮ.ಸಾ.ಅ. × ಲ.ಸಾ.ಅ. = ಸಂಖ್ಯೆಗಳ ಗುಣಲಬ್ಧ ಎಂಬ ಸೂತ್ರವನ್ನು ಎರಡು ಸಂಖ್ಯೆಗಳಿಗೆ ಮಾತ್ರ ಬಳಸತಕ್ಕದ್ದು. 24, 36, 40ರ ಮ.ಸಾ.ಅ. 4, ಲ.ಸಾ.ಅ. 360, ಇವುಗಳ ಗುಣಲಬ್ಧ 1,440 ಮಾತ್ರ, 34,560 ಅಲ್ಲ.

(ಈ) ಅಳತೆಗಳು ಬೇರೆ ಬೇರೆ ಮಾನದಲ್ಲಿದ್ದರೆ ಮೊದಲು ಒಂದೇ ಮಾನಕ್ಕೆ ಪರಿವರ್ತಿಸಿಕೊಳ್ಳತಕ್ಕದ್ದು.

(ಉ) ಉತ್ತರವನ್ನು ಪ್ರಶ್ನೆಯ ವಾಕ್ಯದಲ್ಲಿಟ್ಟು ಮತ್ತೊಮ್ಮೆ ಓದಿ ತಾಳೆ ನೋಡುವುದು. 360 ಮಕ್ಕಳಿಗೆ 504 ಪುಸ್ತಕ ಸಮನಾಗಿ ಹಂಚಲಾಗದು ಎಂಬುದು ಓದಿದೊಡನೆ ತಿಳಿಯುತ್ತದೆ. ಇಂತಹ ತಪ್ಪನ್ನು ಪರೀಕ್ಷಾ ಕೊಠಡಿಯಲ್ಲಿಯೇ ಸರಿಪಡಿಸಿಕೊಳ್ಳಬಹುದಾಗಿದೆ.