ಮನಃಶಾಸ್ತ್ರದ ತರಗತಿಯಿಂದ ‘ಶರಪಂಜರ’ದವರೆಗೆ: ಮೈಸೂರಿನ ತ್ರಿವೇಣಿ

ದಕ್ಷಿಣ ಕೊರಿಯಾದ ಕಾದಂಬರಿಗಾರ್ತಿ ಹಾನ್ ಕಾಂಗ್ ಅವರಿಗೆ 2024ರ ನೊಬೆಲ್ ಬಂದಾಗ ಮೈಸೂರಿನ ರಾಜೀವನಗರದ ಮನೆಯಲ್ಲಿ ಕೂತು ಅವರ ‘ದಿ ವೆಜಿಟೇರಿಯನ್’ ಓದಿದೆ. ಕೆಟ್ಟ ಕನಸು ಕಂಡು ಮಾಂಸ ಬಿಟ್ಟ ಹೆಂಗಸಿನ ಕಥೆ ಅದು. ಅವಳನ್ನು ಗಂಡ ಒಂದು ಬಗೆಯಲ್ಲಿ ನೋಡುತ್ತಾನೆ, ಭಾವ ಇನ್ನೊಂದು ಬಗೆಯಲ್ಲಿ, ಅಕ್ಕ ಮತ್ತೊಂದು ಬಗೆಯಲ್ಲಿ. ಪುಸ್ತಕ ಮುಚ್ಚಿದಾಗ ನೆನಪಾದವರು ಇದೇ ಊರಿನ ಚಾಮುಂಡಿಪುರಂನಲ್ಲಿದ್ದ ತ್ರಿವೇಣಿ. ಹೆಣ್ಣಿನ ಮನಸ್ಸು ಕದಡಿದಾಗ ಸುತ್ತಲಿನವರು ಏನು ಮಾಡುತ್ತಾರೆ ಎಂಬುದನ್ನು ಅವರು ಕನ್ನಡದಲ್ಲಿ ಬರೆದು ಅರವತ್ತು ವರ್ಷ ದಾಟಿದೆ.

ತ್ರಿವೇಣಿ ಎಂಬುದು ಕಾವ್ಯನಾಮ. 1928ರ ಸೆಪ್ಟೆಂಬರ್ 1ರಂದು ಹುಟ್ಟಿದ ಇವರ ಹೆಸರು ಅನಸೂಯಾ. ಕವಿ ಬಿ.ಎಂ.ಶ್ರೀ. ಇವರ ದೊಡ್ಡಪ್ಪ. ಕಾದಂಬರಿಗಾರ್ತಿ ವಾಣಿ ಕೂಡ ಇದೇ ಬಳಗದವರು. ಇವರ ಬಗ್ಗೆ ಬರೆಯುವವರು ಹೆಚ್ಚಾಗಿ ಈ ಮನೆತನದ ಮಾತಿಗೇ ನಿಂತುಬಿಡುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಅವರು ಓದಿದ ವಿಷಯ. 1947ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಮುಗಿಸಿದ ಅವರಿಗೆ ಮನಃಶಾಸ್ತ್ರದಲ್ಲಿ ಚಿನ್ನದ ಪದಕ ಸಿಕ್ಕಿತ್ತು.

ಆ ಕಾಲೇಜಿನ ಮನಃಶಾಸ್ತ್ರ ವಿಭಾಗ ಸಾಮಾನ್ಯದ್ದಲ್ಲ. 1924ರಲ್ಲಿ ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. ಭಾರತದಲ್ಲಿ ಮನಃಶಾಸ್ತ್ರ ಇನ್ನೂ ತತ್ತ್ವಶಾಸ್ತ್ರದ ನೆರಳಲ್ಲಿದ್ದಾಗ ಮೈಸೂರಿನ ಹುಡುಗಿಯರಿಗೂ ಹುಡುಗರಿಗೂ ಅದು ಪ್ರಯೋಗಶಾಲೆಯಿದ್ದ ವಿಷಯವಾಗಿತ್ತು. ಅತ್ತ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮುಂದೆ ನಿಮ್ಹಾನ್ಸ್ ಆದದ್ದು ಅದೇ. ಚಿಕಿತ್ಸೆ ಸಿಗುವ ಕಾಲ ಬಂದಿತ್ತು. ಆದರೆ ಗುಣವಾಗಿ ಬಂದವರನ್ನು ಬರಮಾಡಿಕೊಳ್ಳಲು ಮನೆಗಳು ಸಿದ್ಧವಿರಲಿಲ್ಲ. ತ್ರಿವೇಣಿಯವರ ಮುಖ್ಯ ಕಾದಂಬರಿಗಳು ಹುಟ್ಟಿದ್ದು ಈ ಅಂತರದಲ್ಲಿ.

‘ಅಪಸ್ವರ’ದಿಂದ ಶುರುವಾದ ಅವರ ಬರವಣಿಗೆಗೆ ಸಿಕ್ಕಿದ್ದು ಸುಮಾರು ಹತ್ತು ವರ್ಷ. ಅಷ್ಟರಲ್ಲಿ ಇಪ್ಪತ್ತು ಕಾದಂಬರಿ, ಮೂರು ಕಥಾಸಂಕಲನ. ಎಲ್ಲವೂ ಒಂದೇ ತೂಕದವಲ್ಲ. ಆದರೆ ‘ಶರಪಂಜರ’ವನ್ನು ಮಾತ್ರ ನಿಧಾನವಾಗಿ ಓದಬೇಕು. ಹೆರಿಗೆಯ ಬಳಿಕ ನಾಯಕಿ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ಬೇರೆ ಲೇಖಕರಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ತ್ರಿವೇಣಿ ಅವಳನ್ನು ಮನೆಗೆ ಕರೆತರುತ್ತಾರೆ. ಜೋರಾಗಿ ನಕ್ಕರೆ ಅನುಮಾನ, ಮಾತಾಡದೆ ಕೂತರೂ ಅನುಮಾನ. ಕೋಪ ಬಂದರಂತೂ ಮುಗಿಯಿತು, ರೋಗ ಮರುಕಳಿಸಿತೆಂದು ಮನೆಯವರ ಮುಖಗಳೇ ಹೇಳುತ್ತವೆ. ಎಲ್ಲರಿಗೂ ಇರುವ ಸಿಟ್ಟು, ನಗು, ಬೇಸರ ಅವಳ ಪಾಲಿಗೆ ರೋಗದ ಲಕ್ಷಣಗಳಾಗಿಬಿಡುತ್ತವೆ. ಗಂಡನೂ ಅವಳಿಂದ ದೂರ ಸರಿಯುತ್ತಾನೆ. ವೈದ್ಯ ಗುಣಪಡಿಸಿದ್ದನ್ನು ನಡುಮನೆ ಮತ್ತೆ ಕೆಡಿಸುವುದನ್ನು ಇಷ್ಟು ಹತ್ತಿರದಿಂದ ಬರೆದ ಕನ್ನಡ ಕಾದಂಬರಿ ಅದಕ್ಕೆ ಮುಂಚೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದನ್ನು ‘ಹೆಂಗಸರ ಕಾದಂಬರಿ’ ಎಂದು ಬದಿಗಿಟ್ಟ ವಿಮರ್ಶೆಯ ಬಗ್ಗೆ ನನಗೆ ನಿಜವಾಗಿಯೂ ನೋವಿದೆ. ಸಂಚಾರಿ ಗ್ರಂಥಾಲಯಗಳಲ್ಲಿ ರಟ್ಟು ಕಿತ್ತುಹೋಗುವಷ್ಟು ಓದಿಸಿಕೊಂಡ ಪುಸ್ತಕವೆಂಬ ಕಾರಣಕ್ಕೆ ಅದರ ಶಾಸ್ತ್ರಜ್ಞಾನ ಕಾಣದೆ ಹೋಯಿತು. ಚಿತ್ರನಿರ್ದೇಶಕ ಪುಟ್ಟಣ್ಣ ಕಣಗಾಲ್ ಅದನ್ನು ಕಂಡರು. ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು 1966ರಲ್ಲಿ ಮಲಯಾಳಂನಲ್ಲಿ ‘ಪೂಚ್ಚಕ್ಕಣ್ಣಿ’ ಎಂದು ಚಿತ್ರ ಮಾಡಿದರು. 1967ರಲ್ಲಿ ‘ಬೆಳ್ಳಿಮೋಡ’, 1972ರಲ್ಲಿ ‘ಶರಪಂಜರ’ ಬಂದವು. ನಟಿ ಕಲ್ಪನಾ ಅವರ ಕಾವೇರಿಯನ್ನು ನೋಡಿದವರು ಇಂದಿಗೂ ಮರೆತಿಲ್ಲ. ಆದರೆ ಸಿನಿಮಾದ ಅಬ್ಬರದಲ್ಲಿ ಕಾದಂಬರಿಯ ತಗ್ಗಿದ ದನಿ ಮರೆಯಾಗುತ್ತದೆ. ಅದಕ್ಕೆ ಪುಸ್ತಕಕ್ಕೇ ಹೋಗಬೇಕು.

ಬಾಣಂತಿಯ ಸಂಕಟವನ್ನು ಹಾಗೆ ಬರೆದ ತ್ರಿವೇಣಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು, ಮೂವತ್ತೈದು ತುಂಬುವ ಮುನ್ನ ತೀರಿಕೊಂಡರು. ಆಗ ಅವರ ಕೈಯಲ್ಲಿದ್ದ ಕಾದಂಬರಿ ‘ಅವಳ ಮಗಳು’. ಅರ್ಧಕ್ಕೆ ನಿಂತ ಅದನ್ನು ಲೇಖಕಿ ಎಂ.ಸಿ. ಪದ್ಮಾ ಪೂರ್ತಿ ಮಾಡಿದರು.